ಟಿಎ ಕೆಲಸಕ್ಕೆ ಇಂಟರ್‌ವ್ಯೂ ಇದೆ, 5 ನಿಮಿಷ ಪಾಠ ಮಾಡಿ ತೋರಿಸು ಅಂದಿದ್ದಾರೆ. ಹೇಗೆ ತಯಾರಾಗಲಿ?

ಅರಸೀಕೆರೆ_ಜಂಕ್ಷನ್:

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಎಂಎಸ್ ಮಾಡಲು ಅಮೆರಿಕಕ್ಕೆ ಬಂದೆ, ಕಂಪ್ಯೂಟರ್ ಸೈನ್ಸ್. ಜನವರಿಯಿಂದ ಡೇಟಾ ಸ್ಟ್ರಕ್ಚರ್ಸ್ ಕೋರ್ಸ್‌ಗೆ ಟೀಚಿಂಗ್ ಅಸಿಸ್ಟೆಂಟ್ (ಟಿಎ, ಪಾಠದಲ್ಲಿ ಪ್ರೊಫೆಸರಿಗೆ ನೆರವಾಗುವ ವಿದ್ಯಾರ್ಥಿ) ಬೇಕು ಅಂತ ಡಿಪಾರ್ಟ್‌ಮೆಂಟ್‌ನಿಂದ ಮೇಲ್ ಬಂದಿತ್ತು. ಬಂದರೆ ಬರಲಿ ಅಂತ ಸುಮ್ನೆ ಫಾರಂ ತುಂಬಿದ್ದೆ. ಈಗ ನೋಡಿದರೆ ಮುಂದಿನ ಗುರುವಾರ ಇಂಟರ್‌ವ್ಯೂ! 20 ನಿಮಿಷ, ಪ್ರೊಫೆಸರ್ ಮತ್ತು ಈಗಿರುವ ಇಬ್ಬರು ಟಿಎಗಳು ಇರುತ್ತಾರಂತೆ. ಕೋರ್ಸ್‌ನ ಯಾವುದಾದರೂ ಒಂದು ವಿಷಯ ತಗೊಂಡು ಬೋರ್ಡ್ ಮೇಲೆ 5 ನಿಮಿಷ ಪಾಠ ಮಾಡಬೇಕು, ಉಳಿದದ್ದು ಪ್ರಶ್ನೆ.

ನನ್ನ ಭಯ ಏನಂದರೆ ಇಂಗ್ಲಿಷ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬರೆಯಲು ಓದಲು ತೊಂದರೆ ಇಲ್ಲ, ಮಾತಾಡಲು ನಿಂತರೆ ತಲೆಯಲ್ಲಿ ಮೊದಲು ಕನ್ನಡ ಬಂದು ಆಮೇಲೆ ಅದು ಇಂಗ್ಲಿಷ್ ಆಗುವಷ್ಟರಲ್ಲಿ ಎದುರಿಗಿರುವವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ 24 ಬಂದಿತ್ತು. ಜೊತೆಗಿರುವ ಹುಡುಗಿಯರೆಲ್ಲ ಬೆಂಗಳೂರು, ಹೈದರಾಬಾದ್, ಪಟಪಟ ಅಂತ ಮಾತಾಡುತ್ತಾರೆ. ಪಾಠ ಮಾಡಿದ ಅನುಭವವೂ ಇಲ್ಲ. ಡಿಗ್ರಿ ಓದುವಾಗ ರಜೆಯಲ್ಲಿ ಊರಿಗೆ ಹೋದರೆ ಪಕ್ಕದ ಮನೆ ಮೂರು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಿದ್ದೆ, ಅಷ್ಟೇ. ಅದನ್ನೆಲ್ಲ ಇಲ್ಲಿ ಹೇಳಿದರೆ ನಗುತ್ತಾರೆ ಅಲ್ವಾ?

ಈಗ ಡೈನಿಂಗ್ ಹಾಲ್‌ನಲ್ಲಿ ವಾರಕ್ಕೆ 12 ಗಂಟೆ ಕೆಲಸ ಮಾಡುತ್ತಿದ್ದೇನೆ. ಟಿಎ ಸಿಕ್ಕರೆ ಫೀಸಿನಲ್ಲಿ ದೊಡ್ಡ ಹೊರೆ ಇಳಿಯುತ್ತದೆ. ಅಪ್ಪ ಜಮೀನಿನ ಮೇಲೆ ಸಾಲ ತೆಗೆದಿದ್ದಾರೆ. ಅದಕ್ಕೇ ಇಷ್ಟು ಒದ್ದಾಟ. ಯಾರಾದರೂ ಇಂಥ ಇಂಟರ್‌ವ್ಯೂ ಕೊಟ್ಟಿದ್ದರೆ ಏನು ಕೇಳುತ್ತಾರೆ ಹೇಳಿ.

ಕಾಫಿಪುಡಿ:

ತಂಗಿ, ಮೊದಲು ಒಂದು ಮಾತು. ಆ ಪಕ್ಕದ ಮನೆ ಮಕ್ಕಳ ವಿಷಯ ನೀನು "ಅಷ್ಟೇ" ಅಂತ ಮುಗಿಸಿದೆಯಲ್ಲ, ನಿನ್ನ ಇಡೀ ಪೋಸ್ಟ್‌ನಲ್ಲಿ ಕೆಲಸಕ್ಕೆ ಬರುವ ಸಂಗತಿ ಅದೊಂದೇ.

ನಾನು ನಾಲ್ಕು ಸೆಮಿಸ್ಟರ್ ಟಿಎ ಆಗಿದ್ದೆ, ಕೊನೆಯ ಎರಡರಲ್ಲಿ ಹೆಡ್ ಟಿಎ. ಹಾಗಾಗಿ ಮೇಜಿನ ಆಚೆ ಕಡೆ ಕೂತು ಇಂಟರ್‌ವ್ಯೂ ಮಾಡಿದ್ದೇನೆ. ನಿನಗೆ ವಿಷಯ ಎಷ್ಟು ಗೊತ್ತು ಅನ್ನೋದು ಅವರಿಗೆ ಬೇಕಾಗಿಲ್ಲ, ಅದು ನಿನ್ನ ಮಾರ್ಕ್ಸ್ ಕಾರ್ಡ್‌ನಲ್ಲಿ ಇದೆ. ಎದುರಿಗೆ ಕೂತವನಿಗೆ ಎಲ್ಲಿ ಅರ್ಥವಾಗಿಲ್ಲ ಅಂತ ಹುಡುಕಲು ನಿನಗೆ ಬರುತ್ತದಾ, ಇದನ್ನು ನೋಡುತ್ತಾರೆ. ನಮ್ಮ ಕಡೆಯಿಂದ ಬಂದವರು ಎಡವೋದು ಇಲ್ಲೇ. ಐದು ನಿಮಿಷ ಕೊಟ್ಟರೆ ಐವತ್ತು ನಿಮಿಷದ ಲೆಕ್ಚರ್ ತುಂಬಿಸಿಕೊಂಡು ಬರುತ್ತಾರೆ. ಬೋರ್ಡಿಗೆ ಮುಖ, ನಮಗೆ ಬೆನ್ನು. ಒಬ್ಬ ಹುಡುಗ ರೆಡ್ ಬ್ಲ್ಯಾಕ್ ಟ್ರೀ (ಡೇಟಾವನ್ನು ಕೆಂಪು, ಕಪ್ಪು ನೋಡ್ ಇರುವ ಮರದ ಥರ ಜೋಡಿಸುವ ವಿಧಾನ) ತಗೊಂಡಿದ್ದ. ಪಾಪ, ಒಂದು ತಪ್ಪೂ ಇರಲಿಲ್ಲ. ಆದರೆ ನಾನು ಮಧ್ಯದಲ್ಲಿ "ಈ ನೋಡ್ ಯಾಕೆ ಕೆಂಪು?" ಅಂತ ಕೇಳಿದಾಗ "ಅದು ರೂಲ್" ಅಂದು ಮುಂದೆ ಹೋದ. ಅಲ್ಲಿಗೆ ಮುಗಿಯಿತು.

ಚಿಕ್ಕ ವಿಷಯ ತಗೋ. ಬೈನರಿ ಸರ್ಚ್ ಸಾಕು. 1000 ಹೆಸರು ಅಕಾರಾದಿಯಲ್ಲಿದ್ದರೆ ಹೆಚ್ಚೆಂದರೆ 10 ಸಲ ನೋಡಿದರೆ ಬೇಕಾದ ಹೆಸರು ಸಿಗುತ್ತದೆ, ಯಾಕಂದರೆ ಪ್ರತಿ ಸಲ ಅರ್ಧ ಬಿಸಾಡುತ್ತೀಯ. ಇಷ್ಟು ಹೇಳಲು ಎರಡು ನಿಮಿಷ. ಉಳಿದ ಮೂರು ನಿಮಿಷ ಒಂದು ತಪ್ಪಿಗೆ ಇಡು. ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್ ಮಾಡುವ ತಪ್ಪು ಯಾವುದು ಗೊತ್ತಾ? ಇನ್ನೂ ಹುಡುಕಬೇಕಾದ ಭಾಗದ ಶುರು ಲೋ, ಕೊನೆ ಹೈ, ನಡು ಮಿಡ್ (ಅರ್ಧ ಬಂದರೆ ಕೆಳಗಿನ ಸಂಖ್ಯೆ). ಹುಡುಕುವ ಸಂಖ್ಯೆ ಬಲಗಡೆ ಇದ್ದಾಗ ಲೋ ಅನ್ನು ಮಿಡ್‌ಗೆ ಒಂದು ಕೂಡಿಸಿ ಇಡುವ ಬದಲು ಬರೀ ಮಿಡ್ ಅಂತ ಇಡುತ್ತಾರೆ. ದೊಡ್ಡ ಪಟ್ಟಿಯಲ್ಲಿ ಚೆನ್ನಾಗಿ ಓಡುತ್ತಿರುವ ಹಾಗೆ ಕಾಣುತ್ತದೆ, ಕೊನೆಗೆ ಎರಡೇ ಉಳಿದಾಗ, ಅಂದರೆ ಲೋ 0 ಹೈ 1 ಆದಾಗ, ಮಿಡ್ ಮತ್ತೆ 0, ಲೋ ಮತ್ತೆ 0, ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಾ ಇರುತ್ತದೆ. ಈ ತಪ್ಪು ಕೋಡನ್ನು ಬೋರ್ಡ್ ಮೇಲೆ ಬರೆದು, "ಇದು ನಿಲ್ಲುತ್ತಿಲ್ಲ ಅಂತ ಒಬ್ಬ ನನ್ನ ಹತ್ತಿರ ಬಂದರೆ ನಾನು ಉತ್ತರ ಹೇಳಲ್ಲ, ಎರಡೇ ಸಂಖ್ಯೆ ಇಟ್ಟುಕೊಂಡು ಕೈಯಲ್ಲಿ ಓಡಿಸು ಅಂತೀನಿ" ಅಂತ ಹೇಳು. ಪ್ರೊಫೆಸರ್ ಪೆನ್ನು ಕೆಳಗಿಟ್ಟು ನಿನ್ನನ್ನೇ ನೋಡದಿದ್ದರೆ ಕೇಳು.

(ಲೋ ಮತ್ತು ಹೈ ಕೂಡಿಸುವಾಗ ಸಂಖ್ಯೆ ಮಿತಿ ಮೀರುವ ಇನ್ನೊಂದು ಪ್ರಸಿದ್ಧ ತಪ್ಪಿದೆ. ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸ್ವಂತ ಕೋಡ್ ಲೈಬ್ರರಿಯಲ್ಲೇ ವರ್ಷಗಟ್ಟಲೆ ಇತ್ತು, 2006ರಲ್ಲಿ ಎಲ್ಲರಿಗೂ ಗೊತ್ತಾಯಿತು. ಅದನ್ನು ದಯವಿಟ್ಟು ಎತ್ತಬೇಡ. ಬುದ್ಧಿವಂತಿಕೆ ತೋರಿಸಿದ ಹಾಗಾಗುತ್ತದೆ, ಪಾಠ ಆಗಲ್ಲ.)

ಇನ್ನು ಪ್ರಶ್ನೆಗಳು. ಹೆಚ್ಚು ಕಡಿಮೆ ಎಲ್ಲ ಕಡೆ ಇವೇ ಸುತ್ತುತ್ತವೆ. ಇಬ್ಬರ ಅಸೈನ್‌ಮೆಂಟ್ ಒಂದೇ ಥರ ಇದೆ, ಏನು ಮಾಡುತ್ತೀ? ನಾಳೆ ಡೆಡ್‌ಲೈನ್, ಆಫೀಸ್ ಅವರ್‌ಗೆ (ವಿದ್ಯಾರ್ಥಿಗಳು ಬಂದು ಪ್ರಶ್ನೆ ಕೇಳುವ ಸಮಯ) 30 ಜನ ಬಂದಿದ್ದಾರೆ, ಏನು ಮಾಡುತ್ತೀ? ಒಬ್ಬ ಅಳುತ್ತಾ ಬಂದು ಎರಡು ಪಾಯಿಂಟ್ ಜಾಸ್ತಿ ಕೊಡಿ, ಸ್ಕಾಲರ್‌ಶಿಪ್ ಹೋಗುತ್ತದೆ ಅಂತಾನೆ. ಒಬ್ಬನ ತಾಯಿ ಮೇಲ್ ಮಾಡಿ ಮಗನ ಗ್ರೇಡ್ ಕೇಳುತ್ತಾರೆ. ಈ ಕೊನೆಯದರಲ್ಲಿ ನಮ್ಮವರು ಬಹಳ ಜನ ಬೀಳುತ್ತಾರೆ, ಅಮ್ಮ ತಾನೇ, ಹೇಳಿದರೆ ತಪ್ಪೇನು ಅಂತ. ಇಲ್ಲಿ ಫರ್ಪಾ ಅಂತ ವಿದ್ಯಾರ್ಥಿಯ ದಾಖಲೆ ಗುಟ್ಟಾಗಿಡುವ ಕಾನೂನು ಇದೆ, 1974ರದ್ದು. ಕಾಲೇಜು ಸೇರಿದ ಮೇಲೆ ಆ ದಾಖಲೆಯ ಮೇಲಿನ ಹಕ್ಕು ವಿದ್ಯಾರ್ಥಿಯದ್ದು. ನೀನು ಯಾರಿಗೂ ಏನೂ ಹೇಳುವ ಹಾಗಿಲ್ಲ, ಪ್ರೊಫೆಸರ್‌ಗೆ ಕಳಿಸಿ ಸುಮ್ಮನಾಗಬೇಕು.

ಕಾಪಿ ವಿಷಯದಲ್ಲೂ ಅಷ್ಟೇ. ನೀನು ಪೊಲೀಸ್ ಅಲ್ಲ, ಜಡ್ಜೂ ಅಲ್ಲ. ಆ ಹುಡುಗರನ್ನು ಕರೆದು ವಿಚಾರಣೆ ಮಾಡಲು ಹೋಗಬೇಡ. ಕಂಡದ್ದನ್ನು ಪ್ರೊಫೆಸರ್‌ಗೆ ತೋರಿಸುತ್ತೇನೆ ಅನ್ನು, ಸಾಕು.

ಗುಂಡ್ಲುಪೇಟೆ_ಗಣಿತ:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಮಾತಿನ ಬಗ್ಗೆ ಬರೆಯುತ್ತೇನೆ. ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ, ಕ್ಯಾಲ್ಕುಲಸ್ ರೆಸಿಟೇಶನ್ (ಲೆಕ್ಚರ್ ಜೊತೆಗೆ ಸಣ್ಣ ಗುಂಪಿಗೆ ಲೆಕ್ಕ ಮಾಡಿಸುವ ಕ್ಲಾಸ್) ತಗೊಳ್ಳುತ್ತೇನೆ. ನಾನೂ ಕನ್ನಡ ಮೀಡಿಯಂ.

ನಿಮ್ಮ ಆಕ್ಸೆಂಟ್ ಯಾರಿಗೂ ಸಮಸ್ಯೆ ಆಗಲ್ಲ. ಇಲ್ಲಿಯವರ ಥರ ಮೂಗಿನಲ್ಲಿ ಮಾತಾಡಲು ಹೋಗಬೇಡಿ, ಎರಡೂ ಕೆಡುತ್ತದೆ. ತೊಂದರೆ ಬರೋದು ನಾವು ಇಂಗ್ಲಿಷ್ ಅಂತಲೇ ಅಂದುಕೊಂಡಿರುವ, ಇಲ್ಲಿಯವರಿಗೆ ಬೇರೆ ಅರ್ಥ ಕೊಡುವ ಪದಗಳಿಂದ. ನನ್ನ ಮೊದಲ ವಾರ ನಾನು ಬೋರ್ಡ್ ಮೇಲೆ "ತ್ರೀ ಇಂಟು ಎಕ್ಸ್" ಅಂದೆ. ಅರ್ಧ ಕ್ಲಾಸ್ ಪಿಳಿಪಿಳಿ ನೋಡಿತು. ನಮಗೆ ಇಂಟು ಅಂದರೆ ಗುಣಾಕಾರ. ಇವರಿಗೆ "ಟೂ ಇಂಟು ಸಿಕ್ಸ್" ಅಂದರೆ ಆರರಲ್ಲಿ ಎರಡು ಎಷ್ಟು ಸಲ ಹೋಗುತ್ತದೆ, ಅಂದರೆ ಭಾಗಾಕಾರ! ನಾನು ಗುಣಿಸುತ್ತಿದ್ದೇನೆ, ಅವರು ಭಾಗಿಸುತ್ತಿದ್ದಾರೆ. ಟೈಮ್ಸ್ ಅನ್ನಬೇಕು. "ಎ ಬೈ ಬಿ" ಅನ್ನಬೇಡಿ, ಎ ಓವರ್ ಬಿ. ಜ಼ೆಡ್ ಅಲ್ಲ, ಜ಼ೀ. ಮಾರ್ಕ್ಸ್ ಅಲ್ಲ, ಪಾಯಿಂಟ್ಸ್. ಎಲ್ಲಕ್ಕಿಂತ ಮುಖ್ಯ, "ಎನಿ ಡೌಟ್ಸ್?" ಅನ್ನಬೇಡಿ. ನಮ್ಮಲ್ಲಿ ಡೌಟ್ ಅಂದರೆ ಪ್ರಶ್ನೆ, ಇಲ್ಲಿ ಡೌಟ್ ಅಂದರೆ ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂತ.

ಇನ್ನೊಂದು, ಇದು ನಮ್ಮ ನಾಲಿಗೆಯದ್ದೇ ಕಥೆ. ಎ ಸ್ವರದಿಂದ ಶುರುವಾಗುವ ಪದದ ಮುಂದೆ ನಮಗೆ ಗೊತ್ತಿಲ್ಲದೆ ಒಂದು ಯಕಾರ ಬಂದು ಕೂರುತ್ತದೆ. ಯೆಲಿಮೆಂಟು, ಯೆಂಪ್ಟಿ, ಯೆರರ್ರು. ಕೊನೆಗೆ ಒಂದು ಉಕಾರ ಬೇರೆ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಈ ಪದಗಳು ನಿಮಿಷಕ್ಕೆ ಹತ್ತು ಸಲ ಬರುತ್ತವೆ. ಅರೇ ಅನ್ನುವಾಗ ಒತ್ತು ಕೊನೆಯಲ್ಲಿ, ಪ್ಯರಾಮಿಟರ್‌ನಲ್ಲಿ ಒತ್ತು "ರಾ" ಮೇಲೆ. ನಿಮ್ಮ ಐದು ನಿಮಿಷದಲ್ಲಿ ಬರುವ ಹದಿನೈದು ಇಪ್ಪತ್ತು ಪದ ಬರೆದುಕೊಂಡು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ನಾಚಿಕೆ ಆಗುತ್ತದೆ, ಆದರೂ ಕೇಳಿ.

ಟೋಫೆಲ್ 24ರ ಬಗ್ಗೆ. ಎಷ್ಟೋ ಯೂನಿವರ್ಸಿಟಿಗಳಲ್ಲಿ ಕ್ಲಾಸ್ ತಗೊಳ್ಳುವ ಟಿಎಗೆ ಸ್ಪೀಕಿಂಗ್‌ನಲ್ಲಿ 30ಕ್ಕೆ 26 ಕೇಳುತ್ತಾರೆ (2026ಕ್ಕೆ ಮೊದಲಿದ್ದ ಅಂಕದ ಲೆಕ್ಕ). ಅದಕ್ಕಿಂತ ಕಡಿಮೆ ಇದ್ದವರಿಗೆ ಅವರದೇ ಒಂದು ಮಾತಿನ ಪರೀಕ್ಷೆ ಇರುತ್ತದೆ, ಇಲ್ಲವೇ ಪೇಪರ್ ತಿದ್ದುವ ಕೆಲಸಕ್ಕೆ ಹಾಕುತ್ತಾರೆ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ. ಕೆಲವು ರಾಜ್ಯಗಳಲ್ಲಿ ಕಾನೂನೇ ಇದೆ, ಪೆನ್ಸಿಲ್ವೇನಿಯಾದಲ್ಲಿ 1990ರಿಂದ. ಇಂಟರ್‌ವ್ಯೂಗೆ ಮೊದಲೇ ಡಿಪಾರ್ಟ್‌ಮೆಂಟ್ ಆಫೀಸಿನ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಗುರುವಾರ ಕೂತಾಗ ಗೊತ್ತಾಗೋದಕ್ಕಿಂತ ಅದು ವಾಸಿ.

ಸುರತ್ಕಲ್_ಮಳೆ:

ಇದನ್ನೆಲ್ಲ ಓದಿ ನಗು ಬಂತು. ನಾನು ಭಾರತದಲ್ಲೇ ಎಂಟೆಕ್ ಮಾಡಿದೆ. ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿ ಸೇರಿದರೆ ಆಗ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಅದಕ್ಕೆ ಪ್ರತಿಯಾಗಿ ವಾರಕ್ಕೆ 8 ಗಂಟೆ ಟಿಎ ಕೆಲಸ. ಇಂಟರ್‌ವ್ಯೂ ಗಿಂಟರ್‌ವ್ಯೂ ಏನಿಲ್ಲ. ನೋಟಿಸ್ ಬೋರ್ಡ್‌ನಲ್ಲಿ ಹೆಸರು ಹಾಕಿದರು, ಲ್ಯಾಬಿಗೆ ಹೋಗಿ ನಿಂತೆ. ಮೊದಲ ದಿನ ಒಬ್ಬ ಹುಡುಗ ಏನೋ ಕೇಳಿದ, ನನಗೆ ಬರಲಿಲ್ಲ, "ಸರ್ ಹತ್ರ ಕೇಳು ಮಾರಾಯ" ಅಂದೆ. ಇಡೀ ಸೆಮಿಸ್ಟರ್ ಅವನು ನನ್ನ ಹತ್ತಿರ ಮತ್ತೆ ಬರಲೇ ಇಲ್ಲ.

ಹಾಗಾಗಿ ಜಂಕ್ಷನ್ ಅವರೇ, ಗೊತ್ತಿಲ್ಲದ್ದು ಕೇಳಿದರೆ ಏನು ಹೇಳುತ್ತೀರಿ ಅಂತ ಒಂದು ಉತ್ತರ ರೆಡಿ ಇಟ್ಟುಕೊಳ್ಳಿ. ಮತ್ತೆ ಪಾಠವನ್ನು ಪೂರ್ತಿ ಬರೆದು ಬಾಯಿಪಾಠ ಮಾಡಿಬಿಡಿ. ಭಯ ಇದ್ದವರಿಗೆ ಅದೇ ಒಳ್ಳೆಯದು.

ಕಾಫಿಪುಡಿ:

@ಸುರತ್ಕಲ್_ಮಳೆ ಬಾಯಿಪಾಠ ಮಾತ್ರ ಬೇಡ ಮಾರಾಯ್ರೇ. ಮಧ್ಯದಲ್ಲಿ ಬೇಕಂತಲೇ ತಡೆದು ಪ್ರಶ್ನೆ ಕೇಳುತ್ತಾರೆ. ಬಾಯಿಪಾಠ ಮಾಡಿದವರು ಮತ್ತೆ ಮೊದಲನೇ ಸಾಲಿನಿಂದ ಶುರು ಮಾಡೋದನ್ನು ಕಣ್ಣಾರೆ ನೋಡಿದ್ದೇನೆ. ಮೊದಲ ಎರಡು ವಾಕ್ಯ ಮಾತ್ರ ಉರು ಹೊಡೆದು ಇಟ್ಟುಕೊಳ್ಳಲಿ, ಗಾಡಿ ಸ್ಟಾರ್ಟ್ ಆಗಲು. ಗೊತ್ತಿಲ್ಲದ್ದರ ಬಗ್ಗೆ ನೀವು ಹೇಳಿದ್ದು ಸರಿ. "ನನಗೂ ಈಗ ಹೊಳೆಯುತ್ತಿಲ್ಲ, ಬಾ ಒಟ್ಟಿಗೆ ಕೂತು ಸಣ್ಣ ಉದಾಹರಣೆ ಹಾಕಿ ನೋಡೋಣ, ಆಗಲಿಲ್ಲ ಅಂದರೆ ಇವತ್ತು ಸಂಜೆ ಪ್ರೊಫೆಸರ್ ಹತ್ತಿರ ಕೇಳಿ ನಿನಗೆ ಬರೆಯುತ್ತೇನೆ." ಇಷ್ಟು ಹೇಳಿ, ಆಮೇಲೆ ನಿಜವಾಗಿ ಬರೆದರೆ ಆಯಿತು.

ಅರಸೀಕೆರೆ_ಜಂಕ್ಷನ್:

ಅಯ್ಯೋ ಇಷ್ಟೊಂದು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಇಂಟು ವಿಷಯ ಓದಿ ಬೆವರು ಬಂತು, ನಾನು ದಿನಾ ಅನ್ನುತ್ತೇನೆ. ಕೋಆರ್ಡಿನೇಟರ್‌ಗೆ ಮೇಲ್ ಹಾಕಿದೆ. ಇಂಟರ್‌ವ್ಯೂನಲ್ಲಿ ದುಡ್ಡಿನ ವಿಷಯ ಕೇಳಬಹುದಾ? ಕೇಳಿದರೆ ದುಡ್ಡಿಗಾಗಿ ಬಂದಿದ್ದಾಳೆ ಅಂದುಕೊಳ್ಳುತ್ತಾರಾ?

ಜೋಳದರೊಟ್ಟಿ:

ದುಡ್ಡಿಗೆ ಬಂದಿಲ್ಲದೆ ಮತ್ತೆ ಯಾತಕ್ಕೆ ಬಂದೀವಿ? ಕೇಳ್ರಿ. ಆದರೆ ಪ್ರೊಫೆಸರ್ ಹತ್ತಿರ ಅಲ್ಲ, ಅವರಿಗೆ ಅದು ಗೊತ್ತೇ ಇರಲ್ಲ. ಡಿಪಾರ್ಟ್‌ಮೆಂಟ್ ಆಫೀಸಿನಲ್ಲಿ ಕೂತಿರುವ ಗ್ರ್ಯಾಜುಯೇಟ್ ಕೋಆರ್ಡಿನೇಟರ್ ಹತ್ತಿರ ಕೇಳಬೇಕು. ಮೂರು ಸಂಗತಿ ಬರವಣಿಗೆಯಲ್ಲಿ ತಗೊಳ್ಳಿ. ವಾರಕ್ಕೆ ಎಷ್ಟು ಗಂಟೆ, ಫೀಸ್ ಮನ್ನಾ ಇದೆಯಾ ಇಲ್ಲವಾ, ಇದ್ದರೆ ಪೂರ್ತಿಯಾ ಅರ್ಧವಾ, ಹೆಲ್ತ್ ಇನ್ಶೂರೆನ್ಸ್ ಅದರಲ್ಲಿ ಬರುತ್ತದಾ. ಯಾಕಂದರೆ ಟಿಎ ಅನ್ನೋ ಹೆಸರು ಒಂದೇ, ಒಳಗೆ ಬೇರೆ ಬೇರೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಗ್ರೇಡರ್ (ಪೇಪರ್ ತಿದ್ದುವ) ಕೆಲಸಕ್ಕೆ ಸಾಮಾನ್ಯವಾಗಿ ಫೀಸ್ ಮನ್ನಾ ಇರಲ್ಲ. ನಾನು ಮೊದಲ ವರ್ಷ ಇದು ತಿಳಿಯದೆ ಗ್ರೇಡರ್ ಕೆಲಸಕ್ಕೆ ಹೂಂ ಅಂದು, ಫೀಸಿನ ಬಿಲ್ ಬಂದಾಗ ತಲೆ ಮೇಲೆ ಕೈ ಇಟ್ಟುಕೊಂಡು ಕೂತೆ. ತಪ್ಪು ನನ್ನದೇ, ಪತ್ರದ ಎರಡನೇ ಪುಟ ಓದಿರಲಿಲ್ಲ.

ಇನ್ನು ನಿಮ್ಮ ಪೋಸ್ಟ್‌ನಲ್ಲಿ ಯಾರೂ ಗಮನಿಸದ ಒಂದು ಮಾತಿದೆ, ಡೈನಿಂಗ್ ಹಾಲ್ 12 ಗಂಟೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವ ಹಾಗಿಲ್ಲ, ಎಲ್ಲ ಕೆಲಸ ಕೂಡಿಸಿ. 20 ಗಂಟೆಯ ಟಿಎ ಸಿಕ್ಕರೆ ಡೈನಿಂಗ್ ಹಾಲ್ ಪೂರ್ತಿ ಬಿಡಬೇಕು. 10 ಗಂಟೆಯದ್ದು ಸಿಕ್ಕರೂ 12 ಮತ್ತು 10 ಸೇರಿ 22 ಆಗುತ್ತದೆ. ಎರಡು ಗಂಟೆ ತಾನೇ ಅಂತ ಬಿಡಬೇಡಿ, ವೀಸಾ ವಿಷಯದಲ್ಲಿ ಎರಡು ಗಂಟೆಯೂ ತಪ್ಪೇ. ರಜೆಯಲ್ಲಿ ಬೇಕಾದರೆ ಪೂರ್ತಿ ದುಡಿಯಬಹುದು.

ಹಾಗೇ ಪೇ ಸ್ಲಿಪ್ ತೆಗೆದು ನೋಡಿ. ಸೋಶಿಯಲ್ ಸೆಕ್ಯುರಿಟಿ (ಇಲ್ಲಿನ ಪಿಂಚಣಿ ತೆರಿಗೆ) 6.2, ಮೆಡಿಕೇರ್ (ವಯಸ್ಸಾದವರ ಚಿಕಿತ್ಸೆಯ ತೆರಿಗೆ) 1.45 ಪರ್ಸೆಂಟ್ ಅಂತ ಕಡಿತ ಆಗಿದೆಯಾ? ಎಫ್-1ನಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಅದು ಹಿಡಿಯುವ ಹಾಗಿಲ್ಲ. ನನಗೆ ಮೂರು ತಿಂಗಳು ಹಿಡಿದಿದ್ದರು, ಪೇರೋಲ್‌ನವರ ಹತ್ತಿರ ಹೋಗಿ ಕೇಳಿದ ಮೇಲೆ ವಾಪಸ್ ಬಂತು. ಇದು ಇಂಟರ್‌ವ್ಯೂಗೆ ಸಂಬಂಧ ಇಲ್ಲ, ನೆನಪಾಯಿತು ಅಂತ ಹೇಳಿದೆ.

ಅರಸೀಕೆರೆ_ಜಂಕ್ಷನ್:

ಇಂಟರ್‌ವ್ಯೂ ಆಯಿತು, ಬರೆಯಲು ಒಂದು ವಾರ ತಡವಾಯಿತು, ಕ್ಷಮಿಸಿ.

ಬೈನರಿ ಸರ್ಚ್ ತಗೊಂಡೆ. ಮೊದಲ ಎರಡು ವಾಕ್ಯ ಉರು ಹೊಡೆದದ್ದು ಕಾಪಾಡಿತು, ಯಾಕಂದರೆ ಆ ರೂಮಿನಲ್ಲಿ ಮಾರ್ಕರ್ ಪೆನ್ ಬರೆಯಲೇ ಇಲ್ಲ, ಇನ್ನೊಂದು ಹುಡುಕುವಷ್ಟರಲ್ಲಿ ಕೈ ನಡುಗುತ್ತಿತ್ತು. ಆಮೇಲೆ 10 ಸಲದ ಲೆಕ್ಕ ಹೇಳುವಾಗ ಎಷ್ಟು ಎಚ್ಚರವಾಗಿದ್ದರೂ ಬಾಯಿಂದ "ಟೂ ಇಂಟು ಟೂ ಇಂಟು ಟೂ" ಅಂತ ಬಂದೇಬಿಟ್ಟಿತು! ಅಲ್ಲೇ ನಿಲ್ಲಿಸಿ, "ನಮ್ಮೂರಲ್ಲಿ ಗುಣಾಕಾರಕ್ಕೆ ಹೀಗನ್ನುತ್ತೇವೆ, ಇಲ್ಲಿ ಟೈಮ್ಸ್ ಅಲ್ವಾ" ಅಂದೆ. ಪ್ರೊಫೆಸರ್ ನಕ್ಕರು. ಕೆಟ್ಟ ನಗು ಅಲ್ಲ.

ಆಮೇಲೆ ಆ ಟಿಎಗಳಲ್ಲಿ ಒಬ್ಬಳು ವಿದ್ಯಾರ್ಥಿ ಥರ ನಟಿಸಿದಳು. ಏನು ಹೇಳಿದರೂ "ನನಗೆ ಅರ್ಥ ಆಗ್ತಿಲ್ಲ" ಅಂತ ಮಾತ್ರ ಹೇಳುತ್ತಿದ್ದಳು. ಮೂರು ಸಲ ಬೇರೆ ಬೇರೆ ಥರ ವಿವರಿಸಿದೆ, ಅದೇ ಉತ್ತರ. ನನ್ನ ಇಂಗ್ಲಿಷೇ ಅರ್ಥ ಆಗ್ತಿಲ್ಲವೇನೋ ಅಂತ ಗಂಟಲು ಒಣಗಿತು. ಆಗ ಪಕ್ಕದ ಮನೆ ಹುಡುಗ ನೆನಪಾದ, ಅವನೂ ಹೀಗೇ, ಪ್ರಮೇಯ ಅಂದರೆ ಕಲ್ಲಿನ ಹಾಗೆ ಕೂರುತ್ತಿದ್ದ. ಅವನಿಗೆ ಮಾಡುತ್ತಿದ್ದ ಹಾಗೇ ಪೆನ್ ಅವಳ ಕೈಗೆ ಕೊಟ್ಟು, ಎಲ್ಲಿಯವರೆಗೆ ಅರ್ಥವಾಯಿತೋ ಆ ಸಾಲಿನ ಕೆಳಗೆ ಗೆರೆ ಎಳಿ ಅಂದೆ. ಅವಳು ಎರಡನೇ ಸಾಲಿನಲ್ಲೇ ಎಳೆದಳು! ನಾನು ಏಳನೇ ಸಾಲು ವಿವರಿಸುತ್ತಾ ಇದ್ದೆ. ಪಟ್ಟಿ ಮೊದಲೇ ಅಕಾರಾದಿಯಲ್ಲಿ ಜೋಡಿಸಿರಬೇಕು ಅನ್ನೋದನ್ನೇ ನಾನು ಸರಿಯಾಗಿ ಹೇಳಿರಲಿಲ್ಲ. ಇದನ್ನು ಎಲ್ಲಿ ಕಲಿತೆ ಅಂತ ಪ್ರೊಫೆಸರ್ ಕೇಳಿದರು. ಊರಿನ ಕಥೆ ಹೇಳಿದೆ. ಯಾರೂ ನಗಲಿಲ್ಲ.

ಅಮ್ಮ ಗ್ರೇಡ್ ಕೇಳಿದರೆ ಅನ್ನೋ ಪ್ರಶ್ನೆ ಬಂತು. 30 ಜನರದ್ದೂ ಬಂತು, ಒಂದೇ ಥರ ತಪ್ಪು ಇರುವವರನ್ನು ಗುಂಪು ಮಾಡಿ ಕೂರಿಸುತ್ತೇನೆ ಅಂದೆ, ಅದು ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ. ಎಐ ಬಳಸಿ ಬರೆದ ಕೋಡ್ ಅಂತ ಅನುಮಾನ ಬಂದರೆ ಏನು ಮಾಡುತ್ತೀ ಅಂತಲೂ ಕೇಳಿದರು, ಕಾಪಿಗೆ ಕಾಫಿಪುಡಿ ಅಕ್ಕ ಹೇಳಿದ ಉತ್ತರವನ್ನೇ ಹೇಳಿದೆ. (ಅಕ್ಕನೋ ಅಣ್ಣನೋ ಗೊತ್ತಿಲ್ಲ!)

ನಿನ್ನೆ ಪತ್ರ ಬಂತು. ವಾರಕ್ಕೆ 10 ಗಂಟೆ, ಫೀಸ್ ಅರ್ಧ ಮನ್ನಾ. ಎರಡನೇ ಪುಟವನ್ನೂ ಓದಿದೆ. ಟೋಫೆಲ್ 24 ಇರೋದರಿಂದ ಜನವರಿಯ ಸೆಮಿಸ್ಟರ್ ಕ್ಲಾಸ್ ತಗೊಳ್ಳುವ ಹಾಗಿಲ್ಲ, ಆಫೀಸ್ ಅವರ್ ಮತ್ತು ಗ್ರೇಡಿಂಗ್ ಮಾತ್ರ. ಮಾರ್ಚ್‌ನಲ್ಲಿ ಇಲ್ಲಿನ ಮಾತಿನ ಪರೀಕ್ಷೆ ತಗೊಳ್ಳಬೇಕು.

ಕಾಫಿಪುಡಿ:

ಶಹಬ್ಬಾಸ್ ತಂಗಿ! ಆ ಗೆರೆ ಎಳೆಸುವ ಉಪಾಯ ನನಗೆ ನಾಲ್ಕು ಸೆಮಿಸ್ಟರ್‌ನಲ್ಲಿ ಹೊಳೆದಿರಲಿಲ್ಲ. ಅಕ್ಕನೇ.

ಜೋಳದರೊಟ್ಟಿ:

ಭಾಳ ಖುಷಿ ಆಯಿತು. ಅದೆಲ್ಲ ಸರಿ, ಡೈನಿಂಗ್ ಹಾಲ್ ಗಂಟೆ ಇಳಿಸಿದ್ರಾ ಇಲ್ಲಾ?

ಅರಸೀಕೆರೆ_ಜಂಕ್ಷನ್:

ಇಳಿಸಿದೆ. ಶುಕ್ರವಾರ ರಾತ್ರಿ ಪಾತ್ರೆ ತೊಳೆಯುವ ಎರಡು ಗಂಟೆ ಬಿಟ್ಟೆ. ಮ್ಯಾನೇಜರ್‌ಗೆ ಬೇಜಾರಾಯಿತು, ನನಗಂತೂ ಆಗಲಿಲ್ಲ.